ಒಂದು ಗಂಟೆಯ ಹಡಗು: ಕಾಯುವ ಕೋಣೆಯ ಟೀವಿಯವರಲ್ಲಿ ಒಂದು ಅಹವಾಲು

ಇವರಿಗೆ,
ಶ್ರೀಯುತ ಟೀವಿಯವರು,
ಚಪ್ಪಲಿ ಗೂಡಿನ ಮೇಲ್ಗಡೆ, ಕಾಯುವ ಕೋಣೆ,
ದಂತ ಚಿಕಿತ್ಸಾಲಯ, ಮೊದಲ ಮಹಡಿ.

ಮಾನ್ಯರೇ,

ತಮ್ಮಿಂದ ಹದಿನಾಲ್ಕು ಅಡಿ ದೂರದಲ್ಲಿ ದಿನಕ್ಕೆ ಏಳು ಗಂಟೆ ಕುಳಿತಿರುವವಳು ತಮಗೆ ಕಾಗದ ಬರೆಯುತ್ತಿರುವುದನ್ನು ಕಂಡು ತಾವು ಅಚ್ಚರಿಪಡಬಹುದು. ಎದುರಿಗಿರುವವರಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದು ತಿಳಿಸುವುದು ನನ್ನ ಹಳೆಯ ಕಾಯಿಲೆ, ಸಾಹಿತ್ಯದಲ್ಲಿ ಎಂ.ಎ. ಮಾಡಿದ ಮೇಲೆ ಅದು ಇನ್ನಷ್ಟು ಬಲಿತಿದೆ. ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಸೋಮವಾರ ತಮ್ಮ ನೆತ್ತಿಯ ಧೂಳು ಒರೆಸಿದವಳು ನಾನೇ ಆದ್ದರಿಂದ ಆ ನಂಬಿಕೆಗೆ ಆಧಾರವೂ ಇದೆ.

ಮೊದಲಿಗೆ ತಮ್ಮ ಉಪಕಾರಗಳನ್ನು ನೆನೆಯುವುದು ನನ್ನ ಕರ್ತವ್ಯ. ಈ ಸ್ವಾಗತದ ಮೇಜಿಗೆ ಬಂದ ಹನ್ನೊಂದು ತಿಂಗಳಲ್ಲಿ ತಮ್ಮ ದಯೆಯಿಂದ ನೂರಕ್ಕೂ ಮಿಕ್ಕಿ ಸಿನಿಮಾಗಳನ್ನು ನೋಡಿದ್ದೇನೆ. ನೋಡಿದ್ದೇನೆ ಎಂಬ ಮಾತನ್ನು ತಾವು ಸ್ವಲ್ಪ ಉದಾರವಾಗಿ ತೆಗೆದುಕೊಳ್ಳಬೇಕು. ತಮಗೂ ನನಗೂ ನಡುವೆ ಈ ಕಟ್ಟಡವನ್ನು ಹೊತ್ತು ನಿಂತಿರುವ ಕಂಬವೊಂದಿದ್ದು, ಅದು ತಮ್ಮ ಎಡಗಡೆಯ ಮೂರನೇ ಒಂದು ಪಾಲನ್ನು ನನ್ನಿಂದ ಮರೆಮಾಡಿದೆ. ಸಿನಿಮಾದ ಹೆಸರು ಮೂಡುವುದೂ ಅದೇ ಮೂಲೆಯಲ್ಲಾದ್ದರಿಂದ ನೂರರಲ್ಲಿ ಒಂದರ ಹೆಸರೂ ನನಗೆ ತಿಳಿಯದು. ತಮಗೆ ದನಿಯೂ ಇಲ್ಲ. ನಾನು ಸೇರುವ ಮುಂಚೆ ಒಂದು ದಿನ ತಮ್ಮೊಳಗಿನ ಯಾರೋ ಕಿಟಾರನೆ ಕಿರುಚಿ, ಒಳಗಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಬಸ್ ಡ್ರೈವರೊಬ್ಬರು ಬೆಚ್ಚಿಬಿದ್ದು, ನಮ್ಮ ಡಾಕ್ಟರಮ್ಮನವರ ತೋರುಬೆರಳನ್ನು ಕಚ್ಚಿದರಂತೆ. ಅಂದಿನಿಂದ ತಮ್ಮ ಬಾಯಿ ಬಂದ್, ರಿಮೋಟು ಒಳಗಿನ ಡ್ರಾಯರಿನಲ್ಲಿ ಇಕ್ಕಳಗಳ ಜೊತೆ ಬೀಗದಲ್ಲಿ. ಇನ್ನು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಡಾಕ್ಟರಮ್ಮ ಕೈತೊಳೆದುಕೊಂಡು ಹೊರಬಂದು, ತಮ್ಮ ಸ್ವಿಚ್ಚನ್ನು ಸ್ವಹಸ್ತದಿಂದ ಆರಿಸಿ ಊಟಕ್ಕೆ ಹೋಗುತ್ತಾರೆ. ತಾವೋ ಬೆಳಗಿನ ಸಿನಿಮಾವನ್ನು ಹನ್ನೊಂದಕ್ಕೆ ಶುರುಮಾಡುವವರು. ಹೀಗಾಗಿ ನಾನು ನೋಡಿದ ಸಿನಿಮಾಗಳಿಗೆ ಎಡಭಾಗವಿಲ್ಲ, ಮಾತಿಲ್ಲ, ಕೊನೆಯಿಲ್ಲ. ಪುಸ್ತಕ ಓದದೆಯೇ ಪರೀಕ್ಷೆಯಲ್ಲಿ ವಿಮರ್ಶೆ ಬರೆದು ಅಭ್ಯಾಸವಿದ್ದವಳಿಗೂ ಇದು ಕಷ್ಟವೇ ಸರಿ.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಆದರೆ ಜನ ನನ್ನನ್ನು ಕೇಳತೊಡಗಿದರು. ಸಿನಿಮಾದ ನಡುವೆ ಹೆಸರು ಕೂಗಿಸಿಕೊಂಡು ಒಳಗೆ ಹೋದವರು, ಅರ್ಧ ಗಂಟೆಯ ಮೇಲೆ ದವಡೆ ಜೋಮು ಹಿಡಿದು, ಹತ್ತಿ ಕಚ್ಚಿಕೊಂಡು ಹೊರಬಂದು, ಮೊದಲು ತಮ್ಮತ್ತ, ಆಮೇಲೆ ನನ್ನತ್ತ ನೋಡಿ ಹುಬ್ಬು ಹಾರಿಸುತ್ತಿದ್ದರು: ಏನಾಯಿತು? ನನ್ನ ಸಂಗತಿ ತಮಗೆ ಗೊತ್ತಿಲ್ಲದಿರಬಹುದು. ಮನೆಯಲ್ಲಿ ಫೋನು ರಿಂಗಾದರೆ ನಾನು ಬಚ್ಚಲುಮನೆಗೆ ಓಡುತ್ತೇನೆ. ಅಕ್ಕ ನನ್ನನ್ನು ಕರೆಯುವುದೇ ‘ಮೂಗಿ’ ಎಂದು. ಅಂಥವಳಿಗೆ ಒಂದು ಸಂಗತಿ ಹೊಳೆಯಿತು. ಬಾಯಲ್ಲಿ ಹತ್ತಿಯಿರುವವರು ಮರುಪ್ರಶ್ನೆ ಕೇಳುವುದಿಲ್ಲ. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಶ್ರೋತೃಗಳು ಭೂಮಿಯ ಮೇಲೆ ಸಿಗಲಾರರು. ಮುಂದಿನ ಭೇಟಿಯ ದಿನಾಂಕ ಬರೆದುಕೊಡುವ ಚೀಟಿಯ ಹಿಂಬದಿ ಖಾಲಿ ಇತ್ತು. ಅಲ್ಲಿ ನಾನು ಸಿನಿಮಾದ ಕೊನೆಯನ್ನೂ ನನ್ನ ಅಭಿಪ್ರಾಯವನ್ನೂ ನಾಲ್ಕು ಸಾಲಿನಲ್ಲಿ ಬರೆದು ಕೊಡತೊಡಗಿದೆ. ಕೊನೆ ಎಲ್ಲಿಂದ ಬಂತು ಎಂದು ತಾವು ಕೇಳಬಾರದು. ಕೊಡದೇ ಇದ್ದವರು ತಾವು.

ತಮ್ಮ ಅವಗಾಹನೆಗೆ ಕೆಲವನ್ನು ನಕಲು ಮಾಡಿದ್ದೇನೆ. ಹೊಡೆದಾಟದ ಸಿನಿಮಾವೊಂದರ ಬಗ್ಗೆ ಹೀಗಿದೆ: “ನಾಯಕ ಹದಿನೇಳು ಜನರನ್ನು ಬಡಿದರೂ ಅಂಗಿಯ ಇಸ್ತ್ರಿ ಕೆಡಲಿಲ್ಲ. ನಟನೆ ಸಾಧಾರಣ, ಇಸ್ತ್ರಿ ಮಾಡಿದವರ ಹೆಸರನ್ನು ಮೊದಲು ಹಾಕಬೇಕಿತ್ತು. ಹದಿನೆಂಟನೆಯವನು ಮಾತಾಡಿ ಬಗೆಹರಿಸಿಕೊಂಡ.” ಹೆಂಗಸೊಬ್ಬಳು ದೊಡ್ಡ ಮನೆಯಲ್ಲಿ ಒಂದೊಂದೇ ಬಾಗಿಲು ತೆರೆದು ಇಣುಕುವ ದೆವ್ವದ ಸಿನಿಮಾಕ್ಕೆ: “ಸದ್ದಿಲ್ಲದೆ ನೋಡಿದರೆ ಇದು ಹೆದರಿಸುವ ಚಿತ್ರವಲ್ಲ, ಮಲಗುವ ಮುಂಚೆ ನಮ್ಮಮ್ಮ ದಿನಾ ಮಾಡುವ ಕೆಲಸ. ಕೊನೆಗೆ ಗ್ಯಾಸು ಆರಿಸಿದ್ದು ನೆನಪಾಗಿ ಹೋಗಿ ಮಲಗಿದಳು.” ನ್ಯಾಯಾಲಯದ ಸಿನಿಮಾ ನನಗೆ ತುಂಬ ಹಿಡಿಸಿತು, ಏಕೆಂದರೆ ಒಬ್ಬ ವಕೀಲರು ಮೊದಲಿನಿಂದ ಸ್ವಿಚ್ಚು ಆರುವವರೆಗೂ ಎಡಗಡೆಯೇ ನಿಂತಿದ್ದರು: “ನ್ಯಾಯಾಧೀಶರು ಎರಡು ಗಂಟೆ ಕಾಲ ಕಂಬದ ವಾದವನ್ನು ತಾಳ್ಮೆಯಿಂದ ಕೇಳಿದರು. ಕಂಬದ ಅಭಿನಯದಲ್ಲಿ ಸಂಯಮವಿತ್ತು. ತೀರ್ಪು ಕಂಬದ ಪರ.”

ಮರಳುಗಾಡಿನಲ್ಲಿ ಮುದುಕನೊಬ್ಬ ನಡೆಯುವ ಸಿನಿಮಾದ ಚೀಟಿ ತಮಗೆ ಸಂತೋಷ ಕೊಡಬಹುದು: “ಮುದುಕ ನಡೆದ. ಅಷ್ಟರಲ್ಲಿ ಮೂವರಿಗೆ ಹಲ್ಲು ಕಿತ್ತಾಯಿತು. ಮುದುಕ ಇನ್ನೂ ನಡೆಯುತ್ತಿದ್ದ. ಶ್ರೇಷ್ಠ ಚಿತ್ರ, ಒಳಗೆ ಹೋಗಿ ಬಂದವರಿಗೆ ಏನೂ ತಪ್ಪಿಹೋಗಲಿಲ್ಲ.” ಕುಟುಂಬವೊಂದರ ಕಥೆಯಲ್ಲಿ ಎಲ್ಲರೂ ಹದಿಮೂರು ಬಾರಿ ಕೆನ್ನೆ ಹಿಡಿದುಕೊಂಡು ಅತ್ತಾಗ, ಆ ಮನೆಯವರಿಗೆಲ್ಲ ಹಲ್ಲುನೋವಿದೆ ಎಂದು ಕಾಯುತ್ತಿದ್ದವರು ಒಮ್ಮತದಿಂದ ತೀರ್ಮಾನಿಸಿದರು; ನಾನು ಅದನ್ನೇ ದಾಖಲಿಸಿದೆ. ಮೊಸಳೆ ಹಾಡುವ ಕಾರ್ಟೂನಿನ ಬಗ್ಗೆ ಮಾತ್ರ ನನ್ನ ಸ್ವಂತ ಅಭಿಪ್ರಾಯವಿಲ್ಲ. ಡಾಕ್ಟರಮ್ಮ ಕೈಗವಸಿನಲ್ಲೇ ಹೊರಬಂದು ನೋಡಿ, ಮೇಲಿನ ದವಡೆಯನ್ನು ಬರೆದವರಿಗೆ ಮೊಸಳೆಯೂ ಗೊತ್ತಿಲ್ಲ, ಹಲ್ಲೂ ಗೊತ್ತಿಲ್ಲ ಎಂದು ಹೇಳಿ ಒಳಗೆ ಹೋದರು.

ಜನ ಚೀಟಿಗಳನ್ನು ಜೋಪಾನ ಮಾಡತೊಡಗಿದರು. ರೂಟ್ ಕೆನಾಲಿಗೆ ಬರುವ ನರ್ಸರಿ ಶಾಲೆಯ ಮೇಡಂ ಅವನ್ನು ತಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತಾರಂತೆ. ಹುಟ್ಟಿದಾರಭ್ಯ ನಾನು ಹೇಳಿದ್ದನ್ನು ಯಾರೂ ಎರಡನೇ ಬಾರಿ ಕೇಳಿದ್ದಿಲ್ಲ, ಮಾನ್ಯರೇ. ಮೊದಲ ಬಾರಿಯೂ ಅಷ್ಟಕ್ಕಷ್ಟೇ.

ಈಗ ದೂರಿಗೆ ಬರುತ್ತೇನೆ. ನಮ್ಮಲ್ಲಿಗೆ ಹಲ್ಲು ಸೆಟ್ಟು ಕಟ್ಟಿಸಿಕೊಳ್ಳಲು ಬರುವ ದರ್ಜಿ ತಾತನವರನ್ನು ತಾವು ಬಲ್ಲಿರಿ; ಕುಳಿತಲ್ಲಿಂದಲೇ ತಮ್ಮ ನಟರ ಭುಜದ ಅಳತೆ ಹೇಳುವವರು. ಕಳೆದ ತಿಂಗಳು ಅವರ ಬಾಯಲ್ಲಿ ಉಳಿದಿದ್ದ ಕಡೆಯ ಎರಡು ಹಲ್ಲುಗಳನ್ನು ತೆಗೆದ ದಿನ ತಾವು ಒಂದು ಹಳೆಯ ಕಪ್ಪುಬಿಳುಪಿನ ಸಿನಿಮಾ ತೋರಿಸುತ್ತಿದ್ದಿರಿ. ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದಾನೆ. ಹೆಂಡತಿ ಅವನಿಗೊಂದು ಕೋಟು ಹೊಲಿದು, ವರ್ಷ ವರ್ಷವೂ ಈಗ ಹೇಗಿದ್ದಾನೋ ಎಂದು ಊಹಿಸಿ ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ತಾತ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಹನ್ನೆರಡೂವರೆಗೆ ಅವರನ್ನು ಒಳಗೆ ಕರೆದರು. ಒಂದು ಗಂಟೆಗೆ ಹಡಗು ದಡಕ್ಕೆ ಬಂತು, ಏಣಿ ಇಳಿಸಿದರು, ಹೆಂಡತಿ ಕೋಟು ಹಿಡಿದು ನಿಂತಳು, ಡಾಕ್ಟರಮ್ಮ ಸ್ವಿಚ್ಚು ಆರಿಸಿದರು. ಹತ್ತಿ ಕಚ್ಚಿಕೊಂಡು ಹೊರಬಂದ ತಾತ ಕಪ್ಪಗಾದ ತಮ್ಮ ಮುಖ ನೋಡಿ ನನ್ನ ಮೇಜಿನ ಮೇಲೆ ಎರಡೂ ಕೈ ಊರಿದರು. ನಾನು ಎಂದಿನಂತೆ ಬರೆದೆ: “ಎಲ್ಲರೂ ಇಳಿದ ಮೇಲೆ ಅವನು ಇಳಿದ. ಕೋಟು ಸರಿಯಾಗಿ ಹಿಡಿಸಿತು. ಎರಡು ಗಂಟೆ ಕಾಯಿಸಿದ್ದನ್ನು ಕ್ಷಮಿಸಬಹುದು.”

ನಾನು ಏನು ಮಾಡಿದ್ದೆ ಎಂದು ಗೊತ್ತಾಗಿದ್ದು ಮುಂದಿನ ವಾರ, ಅವರಿಗೆ ಮಾತಾಡಲು ಬಂದಾಗ. ಮದುವೆಯಾದ ಹೊಸದರಲ್ಲಿ ತಾತನೂ ಅವರ ಮನೆಯ ಅಜ್ಜಿಯೂ ಇದೇ ಸಿನಿಮಾಕ್ಕೆ ಹೋಗಿದ್ದರಂತೆ. ಇಂಟರ್‌ವಲ್ಲಿನಲ್ಲಿ ಅಜ್ಜಿಗೆ ಹೆರಿಗೆ ನೋವು ಬಂದು, ಚಿತ್ರಮಂದಿರದಿಂದ ನೇರ ಆಸ್ಪತ್ರೆಗೆ ಹೋಗಬೇಕಾಯಿತು. ಮಗಳು ಹುಟ್ಟಿ, ಬಾಣಂತನ ಮುಗಿಯುವುದರೊಳಗೆ ಸಿನಿಮಾ ಊರು ಬಿಟ್ಟಿತ್ತು. ಅಂದಿನಿಂದ ನಲವತ್ತೊಂದು ವರ್ಷ ಒಂದೇ ಜಗಳ. ಗಂಡ ಬಂದೇ ಬರುತ್ತಾನೆ ಎಂದು ಅಜ್ಜಿ, ಬರುವುದಿಲ್ಲ, ಅಂಥ ಕಥೆಗಳಲ್ಲಿ ಬರೋದಿಲ್ಲ ಎಂದು ತಾತ. ಸೋತವರು ಜೀವನಪೂರ್ತಿ ಬೆಳಗಿನ ಟೀ ಮಾಡಬೇಕೆಂದು ಪಂದ್ಯ. ತೀರ್ಮಾನವಾಗುವವರೆಗೆ ಅಜ್ಜಿ ಮಾಡುವುದೆಂದು ತಾತ್ಕಾಲಿಕ ಏರ್ಪಾಡು. ಆ ತಾತ್ಕಾಲಿಕ ಏರ್ಪಾಡು ನಲವತ್ತೊಂದು ವರ್ಷ ನಡೆದು, ನನ್ನ ಚೀಟಿಯಿಂದ ಮುಗಿಯಿತು. ಈಗ ತಾತ ಟೀ ಮಾಡುತ್ತಿದ್ದಾರೆ. ಅಜ್ಜಿ ಚೀಟಿಯನ್ನು ಪ್ಲಾಸ್ಟಿಕ್ ಹೊದಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. “ಮಗಳೇ, ನಿನ್ನ ಅಕ್ಷರ ದುಂಡಗಿದೆಯಂತೆ, ಅವಳು ಹೇಳು ಅಂದಳು,” ಎಂದು ತಾತ ಬೊಚ್ಚುಬಾಯಲ್ಲಿ ನಕ್ಕರು. ನಾನು ಮೇಜಿನ ಕೆಳಗೆ ಏನನ್ನೋ ಹುಡುಕಿದೆ.

ಹೇಗೋ ದಕ್ಕಿಸಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ತಾವು ತಮ್ಮ ಕಾಲಬುಡದ ಓಡುವ ಪಟ್ಟಿಯಲ್ಲಿ ಅದೇ ಹಡಗಿನ ಚಿತ್ರ ಹಾಕಿ, ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಎಂದು ಸಾರಿದಿರಿ. ಈ ಶನಿವಾರ ಮಾತ್ರ ನಮ್ಮದು ಎರಡು ಗಂಟೆಯವರೆಗೆ ಬಿಡುವಿಲ್ಲದ ಕೆಲಸ, ಒಂದಕ್ಕೆ ಸ್ವಿಚ್ಚು ಆರಿಸುವವರಿಲ್ಲ. ತಾತನಿಗೆ ಹೊಸ ಹಲ್ಲು ಕೂರಿಸುವುದು ಅದೇ ದಿನ. ಅಜ್ಜಿಯೂ ಬರುತ್ತಾರಂತೆ, ಪಂದ್ಯ ಗೆದ್ದದ್ದನ್ನು ಕಣ್ಣಾರೆ ನೋಡಲು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ದಯಮಾಡಿ ಆ ಗಂಡನನ್ನು ಹಡಗಿನಿಂದ ಇಳಿಸಬೇಕು. ಅಷ್ಟು ದೊಡ್ಡ ಹಡಗಿನಲ್ಲಿ ಒಬ್ಬ ಮನುಷ್ಯನಿಗೆ ಜಾಗ ಹುಡುಕುವುದು ತಮ್ಮಂಥವರಿಗೆ ದೊಡ್ಡ ಮಾತಲ್ಲ. ಹೊಡೆದಾಟದ ಸಿನಿಮಾದಿಂದ ಬಿಡುವಾಗಿರುವ ಹದಿನೇಳು ಜನರಲ್ಲಿ ಒಬ್ಬನಾದರೂ ಆದೀತು, ಅಜ್ಜಿಗೆ ದೂರದ ದೃಷ್ಟಿ ಅಷ್ಟಾಗಿ ಇಲ್ಲ. ಅದಾಗದಿದ್ದರೆ ಒಂದು ಗಂಟೆಗೆ ಐದು ನಿಮಿಷ ಮುಂಚೆ ಬೀದಿಯ ಟ್ರಾನ್ಸ್‌ಫಾರ್ಮರಿನವರೊಂದಿಗೆ ಮಾತಾಡಿ ಕರೆಂಟು ತೆಗೆಸಬೇಕು. ಅದೂ ಆಗದಿದ್ದರೆ ಸೋಪಿನ ಜಾಹೀರಾತನ್ನು ಎರಡು ಗಂಟೆಯವರೆಗೆ ನಡೆಸಬೇಕು. ಬೇರೆ ದಿನಗಳಲ್ಲಿ ಯಾರೂ ಕೇಳದೆಯೇ ತಾವು ಮಾಡುವ ಉಪಕಾರವದು. ಈ ಒಂದು ಕೊನೆ ಸುಳ್ಳಾದರೆ ಉಳಿದ ನೂರು ಚೀಟಿಗಳೂ ಸುಳ್ಳಾಗುತ್ತವೆ. ನಾನು ಮತ್ತೆ ದಿನಾಂಕ ಮಾತ್ರ ಬರೆಯುವವಳಾಗುತ್ತೇನೆ. ಅದಕ್ಕೂ ಹೆಚ್ಚಾಗಿ, ಗೋಡೆಯ ಮೇಲಿನ ಆ ಚೀಟಿಯನ್ನು ಅಜ್ಜಿ ಕೀಳುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿಲ್ಲ.

ತಮ್ಮ ಮೂರರಲ್ಲಿ ಎರಡು ಪಾಲಿಗೆ ಸದಾ ನಿಷ್ಠಳಾದ,
ತಮ್ಮ ವಿಶ್ವಾಸಿ,
ಸ್ವಾಗತದ ಮೇಜಿನವಳು

ಮರೆತ ಮಾತು: ಈ ಕಾಗದವನ್ನು ತಮ್ಮ ಪಕ್ಕದ ನೋಟಿಸ್ ಬೋರ್ಡಿಗೆ ಹಾಕುವ ಧೈರ್ಯ ಬರುವುದರೊಳಗೆ ಶನಿವಾರ ಬಂದು ಹೋಯಿತಾದ್ದರಿಂದ, ನಡೆದದ್ದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ. ತಾವು ಕರೆಂಟು ತೆಗೆಸಲಿಲ್ಲ. ಸೋಪಿನವರನ್ನೂ ಕರೆಯಲಿಲ್ಲ. ತಾತ ಹೊಸ ಹಲ್ಲು ಹಾಕಿಸಿಕೊಂಡು, ಒಂದು ಗಂಟೆ ಕಾಲ ಮಾತಾಡಬಾರದೆಂದು ಹೇಳಿಸಿಕೊಂಡು, ಅಜ್ಜಿಯ ಪಕ್ಕದಲ್ಲಿ ತುಟಿ ಬಿಗಿದು ಕುಳಿತಿದ್ದರು. ಕೊನೆಯ ಹತ್ತು ನಿಮಿಷಕ್ಕೆ ಡಾಕ್ಟರಮ್ಮನೂ ಬಂದು ನಿಂತರು. ಸಿನಿಮಾ ನೋಡಲೆಂದು ನಾನು ಮೊದಲ ಬಾರಿಗೆ ಕಂಬ ದಾಟಿ ಬಂದೆ. ಹಡಗು ಬಂತು, ಏಣಿ ಇಳಿಸಿದರು, ಅವಳು ಕೋಟು ಹಿಡಿದು ನಿಂತಳು, ‘ಮುಕ್ತಾಯ’ ಎಂದು ಬಂತು. ಅಷ್ಟೇ. ಒಂದು ತಿಂಗಳಿಂದ ನಾನು ಹೆದರಿದ್ದ ಕೊನೆಯನ್ನು ನಾನು ಅಂದೇ ನೋಡಿಯಾಗಿತ್ತು, ಕಡೆಯ ಒಂದು ಪದ ಮಾತ್ರ ಬಾಕಿ ಇತ್ತು.

ತಾತ ಹೊಸ ಹಲ್ಲಿನಲ್ಲಿ ಮೊದಲ ಮಾತು ಆಡಿದರು: “ನೋಡಿದೆಯಾ, ಬರಲಿಲ್ಲ. ನಾಳೆಯಿಂದ ಟೀ ನಿನ್ನದೇ.”

“ಬರಲಿಲ್ಲ ಅಂತ ಎಲ್ಲಿ ತೋರಿಸಿದ್ರು ರೀ? ಬಂದ ಅಂತ ಚೀಟಿಯಲ್ಲಿ ಬರೆದಿದೆ,” ಎಂದು ಅಜ್ಜಿ, ಗೋಡೆಯಿಂದ ಬಿಡಿಸಿ ತಂದಿದ್ದ ಪ್ಲಾಸ್ಟಿಕ್ಕಿನ ಚೀಟಿಯನ್ನು ಕೈಚೀಲದಿಂದ ತೆಗೆದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಯಾರ ಬಾಯಲ್ಲೂ ಹತ್ತಿ ಇರಲಿಲ್ಲ.

“ನಾನು ನೋಡಿರಲಿಲ್ಲ ಅಜ್ಜಿ,” ಎಂದೆ. “ನಾನೇ ಬರೆದದ್ದು.”

ಅಜ್ಜಿ ಚೀಟಿಯನ್ನು ಒಮ್ಮೆ, ಚಪ್ಪಲಿ ಗೂಡಿನ ಮೇಲಿನ ತಮ್ಮನ್ನು ಒಮ್ಮೆ ನೋಡಿದರು. “ಅಷ್ಟು ದೊಡ್ಡ ಹಡಗು ತಂದು ನಿಲ್ಲಿಸಿದ್ರಲ್ಲ, ಅವರಿಗೆ ಮುಗಿಸೋಕೆ ಬರಲಿಲ್ಲ. ಇವಳಿಗೆ ಬಂತು,” ಎಂದು ಚೀಟಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ತಾತ ಕೂರಿಸಿದ ಹಲ್ಲನ್ನು ನಾಲಿಗೆಯಿಂದ ಒಮ್ಮೆ ಸರಿಮಾಡಿಕೊಂಡು, ಟೀ ತಾವೇ ಮಾಡುವುದಾಗಿಯೂ, ಆದರೆ ಅದು ಸೋತದ್ದಕ್ಕಲ್ಲ, ಅವಳು ಮಾಡುವ ಟೀ ನಲವತ್ತೊಂದು ವರ್ಷದಿಂದ ನೀರಾಗಿದ್ದುದಕ್ಕೆಂದೂ ಎಲ್ಲರೆದುರು ಹೇಳಿದರು. ಮೆಟ್ಟಿಲಿಳಿಯುವಾಗ ಆ ಬಗ್ಗೆ ಹೊಸ ಜಗಳ ಶುರುವಾಗಿತ್ತು.

ತಮ್ಮನ್ನು ಕಂಬದಿಂದಾಚೆಗೆ ಎರಡು ಅಡಿ ಸರಿಸಿ ಹಾಕಿಸೋಣವೇ ಎಂದು ಡಾಕ್ಟರಮ್ಮ ಕೇಳಿದರು. ಬೇಡವೆಂದು ನಾನೇ ಬಾಯಿಬಿಟ್ಟು ಹೇಳಿದ್ದೇನೆ. ಇನ್ನು ಮುಂದೆ ತಾವು ಕಥೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ, ಏನನ್ನು ಬೇಕಾದರೂ ಬಚ್ಚಿಟ್ಟುಕೊಳ್ಳಿ; ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.