ಬಿಯರ್ ಡ್ರಮ್ಮಿಗೆ ಬಿದ್ದ ಇಡ್ಲಿ ಹಿಟ್ಟು

ನಾನು ಮುಂಗೋಪಿ ಅಂತ ಕುಕ್ ಟೌನಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶುದ್ಧ ಸುಳ್ಳು. ನನಗೆ ಸಿಟ್ಟು ತಾನಾಗಿ ಬರುವುದಿಲ್ಲ, ಜನ ಬರಿಸುತ್ತಾರೆ.

ಇಂದಿರಾನಗರದ ಬಂಗಲೆಗಳು ಒಂದೊಂದಾಗಿ ಪಬ್ಬುಗಳಾಗುತ್ತಿದ್ದ ಕಾಲ ಅದು. ಒಂದು ಶನಿವಾರ ಸಂಜೆ ಅಂಥದೊಂದು ಪಬ್ಬಿನಲ್ಲಿ ನನ್ನ ಮುಂದೆ ಬೆಚ್ಚಗಿನ ಬಿಯರ್ ತಂದಿಟ್ಟರು. ತಣ್ಣಗಿಲ್ಲವಲ್ಲಪ್ಪ ಅಂದರೆ, ಇದನ್ನು ಹೀಗೇ ಕುಡಿಯಬೇಕು ಸಾರ್, ಫಾರಿನ್ ಸ್ಟೈಲು ಅಂತ ವೇಟರ್ ನನಗೆ ಪಾಠ ಹೇಳಿದ. ಯಾರಿಗೆ? ಕಾರ್ಖಾನೆಯಲ್ಲಿ ದಿನವಿಡೀ ಬಾಯ್ಲರುಗಳ ಉಷ್ಣತೆಯನ್ನೇ ಕಾಯುವ ಇಂಜಿನಿಯರ್‌ಗೆ! ಅಲ್ಲೇ ಮೇಜು ಕುಟ್ಟಿ ಘೋಷಿಸಿದೆ: ಇನ್ನು ಮುಂದೆ ಬಿಯರನ್ನು ನಾನೇ ಮನೆಯಲ್ಲಿ, ಕರೆಂಟಿನಲ್ಲಿ, ಅರ್ಧ ಡಿಗ್ರಿ ಆಚೀಚೆಯಾಗದಂತೆ ತಯಾರಿಸತಕ್ಕದ್ದು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಅದು ಲೇವಡಿ ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ಮತ್ತೆ ಸಿಟ್ಟು ಬಂತು.

ನನ್ನ ಹೆಂಡತಿ ಶೈಲಾ ದಾವಣಗೆರೆಯವಳು. ಇಡ್ಲಿ ಹಿಟ್ಟು ರುಬ್ಬಿ ಬೀದಿಯ ಮನೆಗಳಿಗೆ ಮಾರುತ್ತಿದ್ದಳು. ವಿಷಯ ಕೇಳಿದವಳೇ, ಮನೆಯಲ್ಲಿ ಹೆಂಡ ಕಾಯಿಸ್ತೀರಾ ಅಂದಳು. ಹೆಂಡ ಅಲ್ಲ, ವಿಜ್ಞಾನ ಅಂದೆ. ವಿಜ್ಞಾನ ಹಿತ್ತಿಲಲ್ಲೇ ಇರಲಿ, ಅಡುಗೆಮನೆ ಹೊಸಿಲು ದಾಟಬಾರದು ಅಂತ ಅಪ್ಪಣೆಯಾಯಿತು. ಇದಕ್ಕೆಲ್ಲ ಪರವಾನಗಿ ಬೇಕೇನೋ ಅಂತಲೂ ಗೊಣಗಿದಳು. ವಿಚಾರಿಸುವಷ್ಟು ತಾಳ್ಮೆ ನನಗಿರಲಿಲ್ಲ.

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ವಿಮಾನವನ್ನೂ ಬಿಡಿಬಿಡಿಯಾಗಿ ಮನೆಗೆ ತರಬಹುದು. ನಾನು ತಂದದ್ದು ಒಂದು ದೊಡ್ಡ ಸ್ಟೀಲ್ ಡ್ರಮ್ಮು, ಹಳೇ ಗೀಸರಿನ ಕಾಯಿಲು, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಿಂದ ಕಿತ್ತ ಥರ್ಮೋಸ್ಟಾಟು. "ಗ್ಯಾರಂಟಿ ಮರಿ ಬರ್ತದೆ ಸಾಬ್" ಅಂದ ಅಂಗಡಿಯವನು. ನನಗೆ ಬೇಕಾದದ್ದು ಕೋಳಿಯಲ್ಲ ಅಂತ ಗದರಿ ಬಂದೆ.

ಜೋಡಣೆ ಸರಳ. ಡ್ರಮ್ಮಿನ ತಳದಲ್ಲಿ ಕಾಯಿಲು. ಮುಚ್ಚಳದಿಂದ ಇಳಿಬಿಟ್ಟ ತಂತಿಯ ತುದಿಯಲ್ಲಿ ಥರ್ಮೋಸ್ಟಾಟಿನ ಶಾಖ ಅಳೆಯುವ ಕಡ್ಡಿ. ಅದಕ್ಕೆ ಚಳಿಯಾದರೆ ಕಾಯಿಲಿಗೆ ಕರೆಂಟು ಹರಿಯುತ್ತದೆ, ಸಾಕಾದರೆ ನಿಲ್ಲುತ್ತದೆ. ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹಾರಿತು. ತಂತಿ ಕಟ್ಟಿದೆ. ಮತ್ತೆ ಹಾರಿತು. ಮೂರನೇ ಸಲ ಸಿಟ್ಟು ನೆತ್ತಿಗೇರಿ, ಬೆರಳು ದಪ್ಪದ ತಾಮ್ರದ ತಂತಿಯನ್ನೇ ಕಟ್ಟಿದೆ. ಈಗ ಹಾರು ನೋಡೋಣ ಅಂದೆ. ಹಾರಲಿಲ್ಲ.

ನೀರು ತುಂಬಿಸಿ ಮೂವತ್ತು ಡಿಗ್ರಿಗೆ ಇಟ್ಟೆ. ಮೂವತ್ತೆಂದರೆ ಮೂವತ್ತು, ಇಡೀ ಭಾನುವಾರ ಮುಳ್ಳು ಅಲ್ಲಾಡಲಿಲ್ಲ. ಶೈಲಾಳನ್ನು ಕರೆದು ತೋರಿಸಿದೆ. ಅವಳು ಬೆರಳು ಅದ್ದಿ, "ಬೆಚ್ಚಗಿದೆ. ಆಮೇಲೆ?" ಅಂದಳು. ಇಂಥವರ ನಡುವೆ ವಿಜ್ಞಾನ ಬೆಳೆಯುವುದು ಹೇಗೆ?

ಬಿಯರಿಗೆ ಬಾರ್ಲಿಯನ್ನು ಮೊಳಕೆ ಬರಿಸಬೇಕು. ರಸೆಲ್ ಮಾರುಕಟ್ಟೆ ಹತ್ತಿರ ಕೊಂಡು ತಂದು, ನೆನೆಸಿ, ತಾರಸಿಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಹರಡಿದೆ. ಮೊಳಕೆ ಮುದ್ದಾಗಿ ಬಂತು. ಮಾರನೇ ದಿನ ಪಾರಿವಾಳಗಳೂ ಬಂದವು. ಸುತ್ತಲಿನ ಬಂಗಲೆಗಳ ಪಾರಿವಾಳಗಳೆಲ್ಲ ಪಂಕ್ತಿಯಲ್ಲಿ ಕೂತು ಉಂಡು, ಗೋಣಿಯ ಮೇಲೆ ದಕ್ಷಿಣೆಯನ್ನೂ ಇಟ್ಟು ಹೋಗಿದ್ದವು. ಪಾರಿವಾಳಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಕಷ್ಟ. ಹಾರಿಬಿಡುತ್ತವೆ. ಹೀಗೆ ಡ್ರಮ್ಮು ಖಾಲಿ ಉಳಿಯಿತು, ನಾನು ಉರಿಯುತ್ತಾ ಉಳಿದೆ.

ಆಗಲೇ ಶೈಲಾಳಿಗೆ ಮೊದಲ ದೊಡ್ಡ ಆರ್ಡರ್ ಸಿಕ್ಕಿದ್ದು. ಕೆ.ಆರ್. ಪುರದ ಜಯಮ್ಮ ಅನ್ನುವವರ ಹೊಸ ಮನೆಯ ಗೃಹಪ್ರವೇಶ. ಅಲ್ಲಿಯ ಹಳೇ ಊರಿನ ಕುಟುಂಬ, ಸುತ್ತ ಹತ್ತೂರಲ್ಲಿ ನೆಂಟರು. ಹಾಲು ಉಕ್ಕಿಸಿದ ಮೇಲೆ ಬಂದವರಿಗೆಲ್ಲ ಇಡ್ಲಿ ಆಗಬೇಕು. ನಮ್ಮ ಕಡೆಯವರು ಇಡ್ಲಿ ಮುರಿದು ನೋಡಿ ಆಮೇಲೇ ಬಾಯಿಗೆ ಹಾಕೋದು, ಚೆನ್ನಾಗಿದ್ದರೆ ನಮ್ಮವರ ಮದುವೆಗಳೆಲ್ಲ ನಿಮಗೇ ಅಂತ ಜಯಮ್ಮ ಹೇಳಿದ್ದರಂತೆ. ಮನೆಮನೆಗೆ ಹಿಟ್ಟಿನ ಪ್ಯಾಕೆಟ್ ಹೊತ್ತು ತಿರುಗುವುದು ತಪ್ಪಿದರೆ ಸಾಕು ಅಂತ ಅವಳು ವಾರವಿಡೀ ಅದನ್ನೇ ಜಪಿಸಿದಳು.

ತಿಂಗಳು ಡಿಸೆಂಬರು. ಬೆಂಗಳೂರಿನ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ. ಗೃಹಪ್ರವೇಶದ ಹಿಂದಿನ ಸಂಜೆ ಶೈಲಾ ರುಬ್ಬಿ ಮುಗಿಸಿ, ಪಾತ್ರೆಗಳಿಗೆ ಕಂಬಳಿ ಸುತ್ತಲು ಹೊರಟಳು. ನಮ್ಮ ಮಂಚದ ಕಂಬಳಿಯನ್ನೂ ಬಿಡಲಿಲ್ಲ. ಕಂಬಳಿ ಮನುಷ್ಯರಿಗೆ ಕಣೇ, ಹಿಟ್ಟಿಗೆ ನನ್ನ ಡ್ರಮ್ಮಿದೆ, ಮೂವತ್ತು ಡಿಗ್ರಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಮಲ್ಲಿಗೆಯಾಗುತ್ತದೆ ಅಂದೆ.

"ಬೇಡ ರೀ. ಇದು ನನ್ನ ಮರ್ಯಾದೆ ವಿಷಯ."

ಅಂದರೆ ನನ್ನ ವಿದ್ಯೆಗೆ ಮರ್ಯಾದೆ ಇಲ್ಲವೇ? ಸಿಟ್ಟು ಬಂತು. ನನಗೆ ಊಟ ಬೇಡ ಅಂದೆ. ಊಟ ಬಿಡುವುದು ನಮ್ಮ ಮನೆತನದ ಗಂಡಸರ ಬ್ರಹ್ಮಾಸ್ತ್ರ. ತಾತನವರು ಇದರಿಂದಲೇ ಎರಡು ಎಮ್ಮೆ ಕೊಂಡಿದ್ದರು. ಶೈಲಾ ತಟ್ಟೆ ಇಟ್ಟು ಎರಡು ಸಲ ಕರೆದಳು, ಮೂರನೇ ಸಲ ಸೋತಳು. ಡ್ರಮ್ಮನ್ನು ನನ್ನ ಕೈಯಲ್ಲೇ ತಿಕ್ಕಿ ತೊಳೆಸಿ, ಬಿಸಿನೀರು ಹುಯ್ಯಿಸಿ, ಹಿಟ್ಟನ್ನೆಲ್ಲ ಸುರಿದಳು. ನಾನು ಗೆದ್ದವನಂತೆ ಥರ್ಮೋಸ್ಟಾಟನ್ನು ಮೂವತ್ತಕ್ಕೆ ತಿರುಗಿಸಿ, ಎರಡು ತಟ್ಟೆ ಅನ್ನ ಉಂಡು ಮಲಗಿದೆ.

ಬೆಳಗಿನ ಜಾವ ಘಮಘಮ ಇಡ್ಲಿ ವಾಸನೆಗೆ ಎಚ್ಚರವಾಯಿತು. ಎಂಥ ಹೆಂಡತಿ, ಆಗಲೇ ಬೇಯಿಸುತ್ತಿದ್ದಾಳೆ ಅಂದುಕೊಂಡು ಮಗ್ಗುಲಾದೆ. ಹೆಂಡತಿ ಪಕ್ಕದಲ್ಲೇ ಮಲಗಿದ್ದಳು!

ಹಿತ್ತಿಲಿಗೆ ಓಡಿದೆವು. ಮುಚ್ಚಳ ತೆಗೆದರೆ ಮೇಲೆ ಹಿಟ್ಟು ತಣ್ಣಗೆ, ರುಬ್ಬಿದಾಗ ಇದ್ದ ಹಾಗೇ ಇತ್ತು. ಶೈಲಾ ಸೌಟು ಇಳಿಸಿದಳು. ಒಂದು ಗೇಣು ಹೋಗಿ ಟಕ್ ಅಂತ ನಿಂತಿತು.

ಆಗ ನನಗೆ ಅರ್ಥವಾಯಿತು, ಅರ್ಥವಾಗಿ ಏನು ಪ್ರಯೋಜನ. ನೀರಾದರೆ ಕಾದದ್ದು ಮೇಲೆ ಬಂದು, ತಣ್ಣಗಿದ್ದದ್ದು ಕೆಳಗಿಳಿದು ಸುತ್ತುತ್ತಿರುತ್ತದೆ. ಬಿಯರೂ ಹಾಗೇ. ಇಡ್ಲಿ ಹಿಟ್ಟು ಕೂತಲ್ಲಿಂದ ಏಳುವ ಜಾತಿಯಲ್ಲ. ಮೇಲೆ ನೇತಾಡುವ ಕಡ್ಡಿ ಇನ್ನೂ ಚಳಿ, ಇನ್ನೂ ಚಳಿ ಅನ್ನುತ್ತಿತ್ತು, ಕೆಳಗೆ ಕಾಯಿಲು ರಾತ್ರಿಯೆಲ್ಲ ಕಾಯುತ್ತಲೇ ಇತ್ತು. ಬುದ್ಧಿ ಇದ್ದ ಫ್ಯೂಸಾಗಿದ್ದರೆ ಹಾರಿಯಾದರೂ ಕಾಪಾಡುತ್ತಿತ್ತು. ಅದಕ್ಕೆ ನಾನು ಅವಕಾಶ ಕೊಟ್ಟಿರಲಿಲ್ಲ.

ಸ್ವಿಚ್ ಆರಿಸಿ, ಡ್ರಮ್ಮು ಬೋರಲು ಹಾಕಿ ಬಡಿದೆ. ಮೊದಲು ಉಬ್ಬದ ಹಿಟ್ಟು, ಹಿಂದೆಯೇ ಅರೆಬೆಂದ ಗಂಜಿ ಸುರಿಯಿತು. ಆಮೇಲೆ ದೊಪ್ಪೆಂದು ಬಿತ್ತು ಒಂದೇ ಒಂದು ಇಡ್ಲಿ. ಗಾಡಿ ಚಕ್ರದಷ್ಟು ಅಗಲ. ಒಳಗೆ ಕಾಯಿಲು ಹೂತುಕೊಂಡು, ತಳ ಕರಿ ಹಿಡಿದು, ಹೊಗೆಯಾಡುತ್ತಿತ್ತು. ಅದನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಥರ್ಮೋಸ್ಟಾಟು ಕೊಟ್ಟವನನ್ನು ಬೈದೆ, ಪಬ್ಬಿನವರನ್ನು ಬೈದೆ, ಪಾರಿವಾಳಗಳ ವಂಶವನ್ನು ಬೈದೆ. ಹಿಟ್ಟು ಇಷ್ಟು ಗಟ್ಟಿ ರುಬ್ಬಿದ್ದು ಯಾರು ಅಂತ ಕೇಳುವುದಕ್ಕೂ ಬಾಯಿ ತೆರೆದೆ.

ಶೈಲಾಳ ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಒರೆಸಿಕೊಂಡಳು. ದನಿ ಮಾತ್ರ ತಣ್ಣಗಿತ್ತು.

"ಸಿಟ್ಟು ಮಾಡ್ಕೋಬೇಕಾಗಿದ್ದು ನಾನು. ನನಗೆ ಟೈಮಿಲ್ಲ, ನೀವೂ ಮಾಡ್ಕೋಬೇಡಿ. ತುರಿಮಣೆ ತಗೊಂಡು ಕಾಯಿ ತುರೀರಿ."

ತೆರೆದ ಬಾಯಲ್ಲೇ ತುರಿಮಣೆ ತರಲು ಹೋದೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಸಿಟ್ಟಿನ ಗುತ್ತಿಗೆ ನನ್ನದೇ ಆಗಿತ್ತು. ಅದು ಅವಳಿಗೂ ಬರಬಹುದು, ಬಂದರೂ ಬದಿಗಿಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಅವಳು ಮೂಲೆಯ ದಿನಸಿ ಅಂಗಡಿಯವರನ್ನು ಎಬ್ಬಿಸಿ ರವೆ ತಂದಳು, ಹಾಲಿನ ಬೂತಿನಿಂದ ಇದ್ದಬದ್ದ ಮೊಸರೆಲ್ಲ ತಂದಳು. ರವೆ ಹುರಿದು, ಸಾಸಿವೆ, ಗೋಡಂಬಿ, ಕರಿಬೇವಿನ ಒಗ್ಗರಣೆ ಕೊಟ್ಟಳು. ರವೆ ಇಡ್ಲಿಗೆ ಉಬ್ಬುವ ತನಕ ಕಾಯುವ ಕೆಲಸವಿಲ್ಲ, ಮೊಸರು, ಸೋಡಾ ಸಾಕು. ಚಟ್ನಿಗೂ, ಇಡ್ಲಿ ಮೇಲೆ ಉದುರಿಸುವುದಕ್ಕೂ ನಾನು ಕಾಯಿ ತುರಿದೆ, ಒಂದೆರಡು ಕಡೆ ಬೆರಳನ್ನೂ ತುರಿದೆ. ಬೇಯಿಸಿದ ಇಡ್ಲಿಯ ಪಾತ್ರೆಗಳನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಕೆ.ಆರ್. ಪುರ ಮುಟ್ಟುವ ಹೊತ್ತಿಗೆ ಅಲ್ಲಿ ಹಾಲು ಉಕ್ಕಿತ್ತು, ಜನ ಎಲೆ ಮುಂದೆ ಕೂರುವುದರಲ್ಲಿದ್ದರು.

ಜಯಮ್ಮ ಇಡ್ಲಿಯ ಬಣ್ಣ ನೋಡಿ ಹುಬ್ಬು ಗಂಟಿಕ್ಕಿದರು. ಇದೇನಮ್ಮ, ಹೇಳಿದ್ದೇ ಒಂದು, ತಂದಿದ್ದೇ ಒಂದು ಅಂದರು. ಶೈಲಾ ಏನೂ ನೆಪ ಹೇಳಲಿಲ್ಲ, ಒಂದು ತಿಂದು ನೋಡಿ ಅಂದಳು. ಅವರು ಮುರಿದರು, ಮೂಸಿದರು, ಚಟ್ನಿ ಅದ್ದಿ ಬಾಯಿಗೆ ಹಾಕಿಕೊಂಡರು. ಶೈಲಾ ಸೆರಗಿನ ಅಂಚು ಹಿಂಡುತ್ತಾ ನಿಂತಿದ್ದಳು. ಜಯಮ್ಮ ಇನ್ನೊಂದು ತೆಗೆದುಕೊಂಡರು. ಆಮೇಲೆ, ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಮಗಳ ಮದುವೆ ಇದೆ, ಇದೇ ಇಡ್ಲಿ ಆಗಬೇಕು ಅಂದರು.

ಶೈಲಾ ನಕ್ಕಳು. ನಾನು ಎಲ್ಲದಕ್ಕೂ ಕಾರಣಪುರುಷನಂತೆ ಒಂದು ಹೆಜ್ಜೆ ಮುಂದೆ ಬಂದೆ.

"ಇವರು ಯಜಮಾನ್ರಾ? ಸಾರ್ ಏನ್ ಕೆಲ್ಸ ಮಾಡ್ತಾರಮ್ಮ?" ಅಂತ ಜಯಮ್ಮ ಕೇಳಿದರು.

ನನ್ನ ಹುದ್ದೆ, ಬಾಯ್ಲರು, ಉಷ್ಣತೆ ಎಲ್ಲವನ್ನೂ ಹೇಳಲು ಗಂಟಲು ಸರಿಮಾಡಿಕೊಂಡೆ. ಶೈಲಾ ನನ್ನ ಬೆರಳಿನ ಬಟ್ಟೆಪಟ್ಟಿಯನ್ನೊಮ್ಮೆ ನೋಡಿದಳು.

"ಕಾಯಿ ತುರೀತಾರೆ" ಅಂದಳು.

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅಷ್ಟರಲ್ಲಿ ಯಾರೋ ನನ್ನ ಕೈಗೂ ಒಂದು ಇಡ್ಲಿ ಕೊಟ್ಟು, ಬಾಯಿ ತುಂಬಿತ್ತು. ಜಯಮ್ಮ, ಮದುವೆ ದಿನವೂ ಇವರನ್ನೇ ಕರ್ಕೊಂಡ್ ಬಾಮ್ಮ, ಕಾಯಿ ಸಣ್ಣಗೆ ತುರಿದಿದ್ದಾರೆ ಅಂದರು.