ಕಂಪನಿ ಬಸ್ಸಿನಲ್ಲಿ ಸೀಟು ಬದಲಾಯಿಸಿದ್ದು

ವಯಸ್ಸಾದ ಮೇಲೆ ಕಲಿಯುವುದು ಕಷ್ಟ ಎನ್ನುತ್ತಾರೆ. ಸುಳ್ಳು. ಕಲಿಯುವುದೇನೂ ಕಷ್ಟವಲ್ಲ, ನಮಗೆ ಗೊತ್ತಿಲ್ಲ ಅನ್ನುವುದು ಯಾರಿಗೂ ಗೊತ್ತಾಗದ ಹಾಗೆ ಕಲಿಯುವುದು ಇದೆಯಲ್ಲ, ಅದು ಕಷ್ಟ. ಶಾಲೆಯ ಮಕ್ಕಳಿಗೆ ಈ ತಾಪತ್ರಯವಿಲ್ಲ. ಅವಕ್ಕೆ ಏನೂ ಗೊತ್ತಿಲ್ಲ ಎಂದು ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ. ತಲೆ ನರೆತವನ ಪಾಡು ಹಾಗಲ್ಲ. ಅದರಲ್ಲೂ ಅವನನ್ನು ಯಾರಾದರೂ ಲೀಡರ್ ಮಾಡಿಬಿಟ್ಟರೆ ಮುಗಿಯಿತು, ಪ್ರಶ್ನೆ ಕೇಳುವ ಬಾಯಿಗೇ ಬೀಗ.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಲಾರಿಗೆ ಮಾಲು ಹೇರಿಸುವ ಕೆಲಸದಲ್ಲಿ ನೆಮ್ಮದಿಯಾಗಿದ್ದ ನನ್ನನ್ನು ಹೋದ ವರ್ಷ ಪ್ಯಾಕಿಂಗ್ ವಿಭಾಗಕ್ಕೆ ಟೀಮ್ ಲೀಡರ್ ಮಾಡಿದರು. ಮಾಡಿದರು ಅನ್ನುವುದು ಸ್ವಲ್ಪ ಜಂಬದ ಮಾತು. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಖಾಯಂ, ಇಲ್ಲದಿದ್ದರೆ ಮತ್ತೆ ಲಾರಿಯ ಹಿಂದೆ ನಿಲ್ಲುವುದು, ಇದು ಕರಾರು. ಅದನ್ನು ಮನೆಯಲ್ಲಿ ಹೇಳುವಷ್ಟರಲ್ಲಿ ನನ್ನ ಹೆಂಡತಿ ಪುಷ್ಪ ಡೆಂಕಣಿಕೋಟೆಯ ನಮ್ಮ ಬೀದಿಗೆಲ್ಲ "ನಮ್ಮನೆಯೋರು ಲೀಡ್ರಾದ್ರು" ಎಂದು ಕೇಸರಿಬಾತು ಹಂಚಿಬಿಟ್ಟಿದ್ದಳು. ಎದುರುಮನೆಯ ಅಜ್ಜಿ "ಯಾವ ಪಾರ್ಟಿಲಮ್ಮಾ?" ಎಂದು ವಿಚಾರಿಸಿದ್ದೂ ಆಯಿತು. ಇನ್ನು ಮೂರು ತಿಂಗಳಾದ ಮೇಲೆ ವಾಪಸು ಲಾರಿಗೆ ಬಂದೆ ಎಂದರೆ ಆ ಬೀದಿಯಲ್ಲಿ ನಾನು ತಲೆಯೆತ್ತಿ ನಡೆಯುವ ಹಾಗಿರಲಿಲ್ಲ. ತಿಂದ ಕೇಸರಿಬಾತನ್ನು ಯಾರೂ ಮರೆಯುವುದಿಲ್ಲ.

ಅದೇ ಸಮಯಕ್ಕೆ ವಿಭಾಗಕ್ಕೆ ಹೊಸ ಮಿಷನ್ ಒಂದು ಬಂತು. ರಟ್ಟಿನ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಬಿಗಿದು, ಬಿಸಿ ತಾಗಿಸಿ ಅಂಟಿಸುವ ಮಿಷನ್. ಅದನ್ನು ನಾನು ಕಲಿತು ಉಳಿದವರಿಗೆ ಕಲಿಸಬೇಕು. ಕಲಿಯುವುದು ಹೇಗೆಂದು ಕಲಿಸಲು ಚೆನ್ನೈ ಕಡೆಯಿಂದ ಟ್ರೈನಿಂಗ್ ಮೇಡಂ ಬಂದರು. ನಮ್ಮ ಮಗಳ ವಯಸ್ಸು, ಅರಳು ಹುರಿದಂತೆ ಮಾತು. ಲೀಡರ್ ಆದವನಿಗೆ ಮುಖ್ಯವಾದವು ಎರಡೇ ಅಂದರು. ಒಂದು, ತಾನು ಯಾವ ಬಗೆಯಲ್ಲಿ ಕಲಿಯುವವನು ಎಂದು ತಿಳಿದುಕೊಳ್ಳುವುದು. ಕೆಲವರು ನೋಡಿ ಕಲಿಯುತ್ತಾರಂತೆ, ಕೆಲವರು ಕೇಳಿ, ಕೆಲವರು ಓದಿ, ಕೆಲವರು ಮಾಡಿ. ಇನ್ನೊಂದು, ನಾಲ್ಕು ಜನರ ಸಂಪರ್ಕ ಬೆಳೆಸಿಕೊಳ್ಳುವುದು. "ದಿನಾ ಒಬ್ಬ ಹೊಸಬರ ಪಕ್ಕ ಕೂತು ಮಾತಾಡಿ ಸಾರ್. ಅದೇ ನೆಟ್‌ವರ್ಕ್" ಎಂದರು. ನಾನು ಎಲ್ಲ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಮೊದಲನೆಯದನ್ನು ಪರೀಕ್ಷಿಸಿಯೇಬಿಡೋಣ ಎಂದು ಹೊರಟೆ. ಫೋನಿನಲ್ಲಿ ಮಿಷನ್ನಿನ ವಿಡಿಯೋ ನೋಡಿದೆ, ತೂಕಡಿಕೆ ಬಂತು. ಮೇಡಂ ಕಳಿಸಿದ ಧ್ವನಿಪಾಠ ಕಿವಿಗೆ ಹಾಕಿಕೊಂಡೆ, ಸೊಗಸಾದ ನಿದ್ದೆಯೇ ಬಂತು. ಮಿಷನ್ ಜೊತೆ ಬಂದ ಪುಸ್ತಕ ಓದಿದೆ. ಅದರಲ್ಲಿ ಮೊದಲ ಅಧ್ಯಾಯವೆಲ್ಲ ಮಿಷನ್ನಿನೊಳಗೆ ಕೈ ಹಾಕಬೇಡಿ ಎಂದೇ ಇತ್ತು, ಹಾಗಾಗಿ ಎರಡನೇ ಅಧ್ಯಾಯಕ್ಕೆ ಹೋಗಲು ಧೈರ್ಯ ಬರಲಿಲ್ಲ. ಕೊನೆಗೆ ಮಾಡಿಯೇ ಕಲಿಯೋಣ ಎಂದು ಗುಂಡಿ ಒತ್ತಿದರೆ, ಮಹರಾಯ ಅದು ಪಟ್ಟಿಯನ್ನು ಶಾವಿಗೆಯ ಹಾಗೆ ಉಗುಳಿ ಗೊರ್ ಎಂದು ನಿಂತೇಹೋಯಿತು. ನೋಡಿ, ಕೇಳಿ, ಓದಿ, ಮಾಡಿ, ನಾಲ್ಕರಲ್ಲೂ ನನ್ನದು ಒಂದೇ ಮಟ್ಟ. ಮನೆಗೆ ಬಂದು ಪುಷ್ಪಳ ಹತ್ತಿರ ಗೋಳು ಹೇಳಿಕೊಂಡರೆ "ನೀವು ಕಲಿಯೋ ಜಾತಿನೇ ಅಲ್ಲ ಕಣ್ರೀ. ಗ್ಯಾಸ್ ಸ್ಟವ್ ಹಚ್ಚಾಕೆ ಇವತ್ಗೂ ನನ್ನೇ ಕೂಗ್ತೀರ" ಅಂದಳು. ಆಡಿದ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಸಿಟ್ಟು ಬಂತು.

ಸರಿ, ಎರಡನೆಯದನ್ನಾದರೂ ನೋಡೋಣ ಎಂದುಕೊಂಡೆ. ಹೊಸಬರ ಪಕ್ಕ ಕೂರಬೇಕು ಎಂದರೆ ನನಗಿದ್ದ ಜಾಗ ಒಂದೇ, ಕಂಪನಿ ಬಸ್ಸು. ಡೆಂಕಣಿಕೋಟೆಯಲ್ಲಿ ಹೊರಟು ಕೆಲಮಂಗಲದಲ್ಲಿ ಉದ್ದನಪಲ್ಲಿ ಕಡೆಯವರನ್ನೂ ಹತ್ತಿಸಿಕೊಂಡು ಹೊಸೂರು ಸೇರುವ ಬಸ್ಸು ಅದು. ಇದರಲ್ಲಿ ಹೋಗದವರಿಗೆ ಒಂದು ಮಾತು ಹೇಳಬೇಕು. ಈ ಬಸ್ಸಿನಲ್ಲಿ ಯಾರ ಸೀಟೂ ಯಾರ ಹೆಸರಿಗೂ ಇಲ್ಲ, ಆದರೆ ಯಾರೂ ಇನ್ನೊಬ್ಬರ ಸೀಟಿನಲ್ಲಿ ಕೂರುವುದಿಲ್ಲ. ರಜಾ ಹಾಕಿದವನ ಸೀಟು ಕೂಡ ಆ ದಿನ ಖಾಲಿಯೇ ಹೋಗುತ್ತದೆ. ನನ್ನದು ಎಡಗಡೆ ಕಿಟಕಿ. ಪಕ್ಕದಲ್ಲಿ ಸ್ಟೋರಿನ ಮುನಿರಾಜು. ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ಮುನಿಯಪ್ಪನಿಗೋ ಮುನಿಕೃಷ್ಣನಿಗೋ ತಾಗುತ್ತದೆ, ಹಾಗಾಗಿ ಬಸ್ಸಿನವರೆಲ್ಲ ಅವನನ್ನು ಬರೀ "ಮುನೀ" ಎಂದು ಕೂಗುತ್ತಿದ್ದರು. ನನಗಿಂತ ಮೊದಲೇ ಹತ್ತಿ, ನನ್ನ ಜಾಗಕ್ಕೆ ಟವಲು ಹಾಸಿ ಇಟ್ಟಿರುತ್ತಿದ್ದ. "ಏನ್ ಮುನಿರಾಜು, ತಿಂಡಿ ಆಯ್ತಾ?" ಎಂದು ನಾನು ಮೆಲ್ಲಗೆ ಕೇಳುವುದು, "ಆಯ್ತು ನಾರಾಯಣಣ್ಣ" ಎಂದು ಅವನು ಹೇಳುವುದು, ಆಮೇಲೆ ಇಬ್ಬರೂ ಹೊಸೂರು ಬರುವವರೆಗೆ ಕಣ್ಣು ಮುಚ್ಚುವುದು. ವರ್ಷಾನುಗಟ್ಟಲೆ ಇದೇ ನಮ್ಮ ಸ್ನೇಹ.

ಒಂದು ಸೋಮವಾರ ನಾನು ಆ ಟವಲನ್ನು ದಾಟಿ ಹಿಂದೆ ಹೋಗಿ ಪ್ಯಾಕಿಂಗಿನ ಸೆಲ್ವಿಯ ಹಿಂದಿನ ಸೀಟಿನಲ್ಲಿ ಕೂತೆ. ಅಯ್ಯೋ, ಆದ ಗಲಾಟೆಯನ್ನು ಏನೆಂದು ಹೇಳಲಿ! ಆ ಸೀಟಿನವನು ಕೆಲಮಂಗಲದಲ್ಲಿ ಹತ್ತಿ, ನನ್ನನ್ನು ನೋಡಿ, ದಿಕ್ಕು ತಪ್ಪಿ, ಮುಂದೆ ಹೋಗಿ ಇನ್ನೊಬ್ಬರ ಸೀಟಿನಲ್ಲಿ ಕೂತ. ಆ ಇನ್ನೊಬ್ಬರು ಮತ್ತೊಬ್ಬರದರಲ್ಲಿ ಕೂತರು. ಕೊನೆಗೆ ದಿನವೂ ಕೂತು ಬರುತ್ತಿದ್ದ ಉದ್ದನಪಲ್ಲಿಯ ಹಿರಿಯರೊಬ್ಬರು, ಸೀಟು ಖಾಲಿ ಇದ್ದರೂ, ತಮ್ಮದಲ್ಲವೆಂದು ಹೊಸೂರಿನವರೆಗೆ ನಿಂತೇ ಬಂದರು. "ಮುನಿಗೂ ಅವರ್ಗೂ ಏನೋ ಆಗೈತೆ ಕಣ್ಲಾ" ಎಂದು ಒಬ್ಬ, "ಲೀಡ್ರಾದ್ಮೇಲೆ ತಲೆ ತಿರುಗ್ಬುಡ್ತು" ಎಂದು ಇನ್ನೊಬ್ಬ. ಮುನಿರಾಜು ಮಾತ್ರ ಮಾರನೇ ದಿನವೂ ಟವಲು ಹಾಸಿಯೇ ಇಟ್ಟಿದ್ದ. ಅದರ ಹತ್ತಿರ ಬಂದು ಒಂದು ಹೆಜ್ಜೆ ತಡೆದೆ. ಆದರೆ ಮೂರು ತಿಂಗಳ ಕರಾರು ನೆನಪಾಗಿ ಮತ್ತೆ ಆ ಹಿಂದಿನ ಸೀಟಿಗೇ ನಡೆದೆ.

ಹೊಸಬರ ಪಕ್ಕ ಕೂತರೆ ಸಾಲದು, ಮಾತಾಡಬೇಕಲ್ಲ. ಲೀಡರ್ ಆದವನು ಪ್ರಶ್ನೆ ಕೇಳಲಾದೀತೇ? ಅದಕ್ಕೆ ಗತ್ತಿನಿಂದ ಮುಂದಿನ ಸೀಟಿನ ಸೆಲ್ವಿಗೆ ಹೇಳಿದೆ: "ನೋಡಮ್ಮ, ಆ ಮಿಷನ್ನಲ್ಲಿ ಪಟ್ಟಿ ಸಿಕ್ಕಾಕ್ಕೊಂಡ್ರೆ ಏನಿಲ್ಲ, ಬಿಸಿ ಜಾಸ್ತಿ ಮಾಡ್ಬೇಕು ಅಷ್ಟೆ."

ತಮಿಳು ಮನೆಮಾತಿನ ಸೆಲ್ವಿ ತಿರುಗಿ ನನ್ನನ್ನು ದಿಟ್ಟಿಸಿದಳು. "ಅಪ್ಪಡಿ ಇಲ್ಲೆಣ್ಣಾ, ಹಂಗಲ್ಲ! ಬಿಸಿ ಜಾಸ್ತಿ ಮಾಡಿದ್ರೆ ಪಟ್ಟಿ ಕರಗಿ ಒಳಗೇ ಅಂಟ್ಕೊಂತದೆ. ಫಸ್ಟು ಆಫ್ ಮಾಡ್ಬೇಕು, ಆಮೇಲೆ ರೋಲು ಉಲ್ಟಾ ಆಗೈತಾ ಅಂತ ನೋಡ್ಬೇಕು. ಹಳೇ ಕಂಪನೀಲಿ ನಾನು ಇದ್ರಲ್ಲೇ ಇದ್ದೆ." ಅಷ್ಟರಲ್ಲಿ ಪಕ್ಕದಿಂದ ವೆಂಕಟೇಶಲು ಬಾಯಿ ಹಾಕಿದ. ಅವನು ರಿಪೇರಿ ವಿಭಾಗದವನು, ಮನೆಯಲ್ಲಿ ತೆಲುಗು. "ಅಟ್ಲ ಕಾದಕ್ಕಾ, ರೋಲು ಆಮೇಲೆ. ಮೊದ್ಲು ಸೆನ್ಸರ್ ಮೇಲಿನ ಧೂಳು ಒರೆಸ್ಬೇಕು." ಇಬ್ಬರಿಗೂ ಜಗಳ ಹತ್ತಿತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಒಂದಕ್ಷರ ಮರೆಯಲಿಲ್ಲ, ನಿದ್ದೆಯೂ ಬರಲಿಲ್ಲ! ಅವತ್ತು ಮಿಷನ್ ನಿಂತಾಗ ಆಫ್ ಮಾಡಿ, ಧೂಳು ಒರೆಸಿ, ರೋಲು ತಿರುಗಿಸಿದೆ. ಗೊಣಗದೆ ಓಡಿತು.

ನನ್ನ ಶೈಲಿ ಸಿಕ್ಕಿತು! ಮೇಡಂ ಹೇಳಿದ ನಾಲ್ಕರಲ್ಲಿ ಅದು ಇರಲಿಲ್ಲ. ನಾನು ತಪ್ಪು ಹೇಳಿ, ಬೈಸಿಕೊಂಡು ಕಲಿಯುವವನು. ನಮ್ಮ ಕಡೆಯ ಜನರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗೊತ್ತಿಲ್ಲ ಎಂದು ಕೇಳಿ ನೋಡಿ, "ನಮ್ಗೇನ್ ಗೊತ್ತು ಸ್ವಾಮಿ" ಎಂದು ಜಾರಿಕೊಳ್ಳುತ್ತಾರೆ. ಗೊತ್ತಿದ್ದವನ ಹಾಗೆ ತಪ್ಪು ಹೇಳಿ ನೋಡಿ, ಮೂರು ಭಾಷೆಯಲ್ಲಿ ಎದ್ದು ನಿಲ್ಲುತ್ತಾರೆ. ಅಂದಿನಿಂದ ದಿನಕ್ಕೊಂದು ಸೀಟು, ದಿನಕ್ಕೊಂದು ತಪ್ಪು. ಒಂದು ಬೆಳಿಗ್ಗೆ ರಾಗಿ ಹೊಲಕ್ಕೆ ಬಂದಿದ್ದ ಆನೆಗಳು ಕಾಡಿಗೆ ಮರಳುತ್ತಾ ರಸ್ತೆಗೆ ಅಡ್ಡವಾಗಿ ನಿಂತು ಬಸ್ಸೂ ನಿಂತಿತು. ನಾನು ಸುಮ್ಮನಿರಲಾರದೆ ಪೆಟ್ಟಿಗೆಗಳನ್ನು ಹೇಗಾದರೂ ಪೇರಿಸಬಹುದು ಎಂದುಬಿಟ್ಟೆ. ಇಡೀ ಬಸ್ಸು ಆನೆಯನ್ನು ಮರೆತು ನನ್ನ ಮೇಲೆ ಬಿತ್ತು. ಆನೆಗಳು ಹೋದದ್ದನ್ನು ಡ್ರೈವರ್ ಹಾರನ್ ಹೊಡೆದು ತಿಳಿಸಬೇಕಾಯಿತು.

ಇದರಲ್ಲೊಂದು ಎಡವಟ್ಟಿತ್ತು, ಅದು ನನಗೆ ಹೊಳೆದದ್ದು ಮೂರು ತಿಂಗಳು ಮುಗಿದು ಮ್ಯಾನೇಜರ್ ಕರೆಸಿದಾಗ. "ನಾರಾಯಣಪ್ಪ, ನಿಮ್ಗೆ ಏನೂ ಗೊತ್ತಿಲ್ಲ ಅಂತ ಇಡೀ ಬಸ್ಸು ಹೇಳ್ತಿದೆ" ಎಂದರು. ಕೇಸರಿಬಾತು ತಿಂದ ಮುಖಗಳೆಲ್ಲ ಕಣ್ಮುಂದೆ ಬಂದವು. ಅವರು ನಕ್ಕರು. "ಆದ್ರೆ ನಿಮ್ಮ ವಿಭಾಗ ಒಂದು ದಿನಾನೂ ನಿಂತಿಲ್ಲ. ರಿಪೇರಿಯವರು ಕರೀದೇನೇ ಬರ್ತಾರೆ. ಯಾಕೆ ಅಂತ ಕೇಳಿದ್ರೆ, ಪಾಪ ಅಣ್ಣನಿಗೆ ಏನೂ ಬರಲ್ಲ, ನಾವಲ್ದೆ ಯಾರು ನೋಡ್ತಾರೆ ಅಂತಾರೆ. ಇಂಥ ನೆಟ್‌ವರ್ಕ್ ನಂಗೂ ಇಲ್ಲ ಮಾರಾಯ್ರೇ. ಖಾಯಂ ಮಾಡಿದೀನಿ, ಹೋಗಿ." ಹೊಗಳಿದರೋ ಬೈದರೋ ಎಂದು ಯೋಚಿಸಲು ನಿಲ್ಲದೆ ಕೈಮುಗಿದು ಹೊರಗೆ ಬಂದೆ.

ಮಾರನೇ ದಿನ ಪುಷ್ಪ ಡಬ್ಬಿ ತುಂಬ ಮೈಸೂರುಪಾಕು ಕಟ್ಟಿಕೊಟ್ಟಳು. ಬಸ್ಸು ಹತ್ತಿದೆ. ಎಡಗಡೆ ಕಿಟಕಿಗೆ ಟವಲು ಹಾಸಿಯೇ ಇತ್ತು. ಅಷ್ಟು ದಿನವೂ ಅವನು ಹಾಸುತ್ತಲೇ ಇದ್ದ. ಕೂರದೆ, ಕೆಲಮಂಗಲದವರೂ ಹತ್ತಲಿ ಎಂದು ಕಾದು ನಿಂತು, ದೊಡ್ಡ ದನಿಯಲ್ಲಿ ಹೇಳಿದೆ: "ಮೊದಲನೇ ತುಂಡು ನನ್ನ ಜಾಗ ಕಾಯ್ದವನಿಗೆ. ನನ್ನ ಹಳೇ ಸ್ನೇಹಿತ ಮುನಿರಾಜುಗೆ!"

ಇಡೀ ಬಸ್ಸು ಹೋ ಎಂದು ನಕ್ಕಿತು. "ಮುನಿರಾಜು ಅಲ್ಲಣ್ಣಾ, ಮುನಿರತ್ನಂ!" ಎಂದು ಸೆಲ್ವಿ ಕೂಗಿದಳು. "ಮುನಿರತ್ನಂ, ಮುನಿರತ್ನಂ" ಎಂದು ಹಿಂದಿನ ಸೀಟಿನವರೆಲ್ಲ ಮೂರು ಭಾಷೆಯಲ್ಲಿ ತಿದ್ದಿದರು. "ನೋಡ್ಲಾ, ಲೀಡ್ರು ಇವತ್ತೂ ಶುರು ಮಾಡ್ಕೊಂಡ್ರು!" ಎಂದು ವೆಂಕಟೇಶಲು ಚಪ್ಪಾಳೆ ತಟ್ಟಿದ.

ನಾನು ಮೆಲ್ಲಗೆ ಟವಲಿನ ಮೇಲೆ ಕುಸಿದೆ. "ಇಷ್ಟು ವರ್ಷ ನೀನಾದ್ರೂ ಹೇಳ್ಬಾರ್ದಾಗಿತ್ತಾ?" ಎಂದು ಕಿವಿಯಲ್ಲಿ ಕೇಳಿದೆ.

ಅವನು ಮೈಸೂರುಪಾಕು ಬಾಯಿಗೆ ಹಾಕಿಕೊಂಡು ನಕ್ಕ. "ಬುಡಣ್ಣ. ಎಲ್ರೂ ಅರ್ಧ ಹೆಸ್ರು ಕೂಗ್ತಾರೆ. ನೀನೊಬ್ಬನೇ ಪೂರ್ತಿ ಕೂಗ್ತಿದ್ದೆ. ತಪ್ಪಾದ್ರೇನು, ಚೆನ್ನಾಗಿತ್ತು."

ಹೊಸೂರು ಬರುವವರೆಗೆ ಅವತ್ತು ನಾನು ಕಣ್ಣು ಮುಚ್ಚಲಿಲ್ಲ. ಅವನ ಊರು, ಮನೆ, ಮಕ್ಕಳು ಎಲ್ಲ ಕೇಳಿದೆ, ಲೀಡರ್ ಎನ್ನುವುದನ್ನೂ ಮರೆತು ನೇರವಾಗಿಯೇ ಕೇಳಿದೆ. ಬಸ್ಸಿನವರಿಗೆ ಇವತ್ತಿಗೂ ಆ ಹೆಸರಿನ ತಪ್ಪು ನನ್ನ ಹಳೆಯ ವರಸೆ ಎಂದೇ ನಂಬಿಕೆ. ನೀವೂ ಯಾರಿಗೂ ಹೇಳಬೇಡಿ. ನನ್ನ ಶೈಲಿ ಸಿಕ್ಕಿದ ಮೇಲೆ ಆ ಬಸ್ಸಿನಲ್ಲಿ ನಾನು ಹೇಳಿದ ಅಷ್ಟೂ ತಪ್ಪುಗಳಲ್ಲಿ, ಬೇಕೆಂದು ಹೇಳದೇ ಇದ್ದದ್ದು ಅದೊಂದೇ.