ಲಿಫ್ಟಿನಲ್ಲಿ ಓಖ್ಲೋಕ್ರಸಿ

ನಮ್ಮ ಭಾವನಿಗೆ, ಅಂದರೆ ಅಕ್ಕನ ಯಜಮಾನರಿಗೆ, ಮನುಷ್ಯರೆಂದರೆ ಬಲು ಪ್ರೀತಿ. ಆದರೆ ಒಂದು ಸಲಕ್ಕೆ ಒಬ್ಬರು ಮಾತ್ರ! ಇಬ್ಬರಾದರೆ ಹೇಗೋ ಸಹಿಸಿಕೊಳ್ಳುತ್ತಾರೆ. ಮೂರನೆಯವರು ಬಂದು ನಿಂತರೋ, ಭಾವನ ಬಲಗಾಲು ತಾನಾಗಿ ಕುಣಿಯತೊಡಗುತ್ತದೆ. ಇಂಥವರು ಕುವೈತಿನಲ್ಲಿ, ಆರು ಮಾಳಿಗೆಗೆ ಒಂದೇ ಲಿಫ್ಟಿದ್ದ ಕಟ್ಟಡದಲ್ಲಿ, ವರ್ಷಗಟ್ಟಲೆ ಸಂಸಾರ ಮಾಡಿದರೆಂದರೆ ನಂಬುತ್ತೀರಾ? ಅವರ ಎದುರು ಮನೆಯಲ್ಲೇ ಇದ್ದ ನಾನು ನಂಬಲೇಬೇಕು.

ಭಾವ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಸೇಫ್ಟಿ ಆಫೀಸರ್. ಅಲ್ಲಿ ಅವರು ಸೀಟಿ ಊದಿದರೆ ಇಡೀ ಪಾಳಿ ಸಾಲಾಗಿ ನಿಲ್ಲುತ್ತದೆ. ಮನೆಯ ಲಿಫ್ಟಿನ ಮುಂದೆ ಆ ಆಟ ನಡೆಯಬೇಕಲ್ಲ! "ಒಬ್ಬೊಬ್ಬರಾಗಿ ಬನ್ನಿ" ಎಂದು ಅವರು ಕೈ ಅಡ್ಡ ಹಿಡಿದರೆ, ಆ ಕೈಯ ಅಡಿಯಿಂದಲೇ ನುಸುಳಿ ಎಲ್ಲರೂ ಹತ್ತಿಬಿಡುತ್ತಿದ್ದರು. ಕೆಳಗೆ ಉಳಿಯುತ್ತಿದ್ದವರು, ಸಾಲಿನ ಏಕೈಕ ಸದಸ್ಯರಾದ ಭಾವ! ಹತ್ತಿದರೂ ಸುಖವಿಲ್ಲ, ಪ್ರತಿ ಮಾಳಿಗೆಯಲ್ಲೂ ಅದು ನಿಲ್ಲಬೇಕು. "ಇದು ಲಿಫ್ಟಾ, ನಮ್ಮೂರಿನ ಸರ್ವಿಸ್ ಬಸ್ಸಾ?" ಎಂದು ಚಡಪಡಿಸುವರು. ಒಮ್ಮೆಯಾದರೂ ಖಾಲಿ ಲಿಫ್ಟಿನಲ್ಲಿ ಎಲ್ಲೂ ನಿಲ್ಲದೆ ಆರನೇ ಮಾಳಿಗೆಗೆ ಹೋಗಬೇಕೆಂಬುದು ಅವರ ಜೀವಮಾನದ ಆಸೆ.

ಒಂದು ದಿನ, ಬಂದರಿಗೆ ಬಂದಿದ್ದ ಹಡಗಿನ ಗ್ರೀಕ್ ಇಂಜಿನಿಯರೊಬ್ಬರು, ಬಸ್ಸಿಗೆ ಜನ ನುಗ್ಗುವುದನ್ನು ನೋಡಿ ಒಂದು ಶಬ್ದ ಹೇಳಿದರಂತೆ. ಭಾವ ಮನೆಗೆ ಬಂದವರೇ ಶೂ ಕೂಡ ಬಿಚ್ಚಲಿಲ್ಲ.

"ಓಖ್ಲೋಕ್ರಸಿ! ಗ್ರೀಕಿನಲ್ಲಿ ಓಖ್ಲೋಸ್ ಅಂದ್ರೆ ಗುಂಪು, ನುಗ್ಗುವ ಜನ. ಕ್ರಾಟೋಸ್ ಅಂದ್ರೆ ಅಧಿಕಾರ. ಡೆಮೋಸ್, ಅಂದ್ರೆ ಪ್ರಜೆಗಳು, ಅವರು ಆಳಿದ್ರೆ ಡೆಮೊಕ್ರಸಿ. ಅದು ಕೆಟ್ಟು ಗುಂಪಿನ ಕೈಗೆ ಹೋದ್ರೆ ಓಖ್ಲೋಕ್ರಸಿ. ಹಾಲು ಒಡೆದ ಹಾಗೆ!"

"ಒಡೆದ್ರೆ ಎಂತ ಆಯ್ತು?" ಅಡಿಗೆಮನೆಯಿಂದ ಅಕ್ಕ. "ಪನೀರ್ ಮಾಡ್ಲಿಕ್ಕೆ ಆಗ್ತದಲ್ಲ."

ಮನೆಯಲ್ಲಿ ಮರ್ಯಾದೆ ಸಿಗದ ಶಬ್ದವನ್ನು ಭಾವ ಕೆಳಗಿನ ಕಿರಾಣಿ ಅಂಗಡಿಗೆ ಒಯ್ದರು. ಅಂಗಡಿ ಬಂಟ್ವಾಳದ ಹಮೀದಾಕನದು.

"ಒಕ್ಕಲಾ ಸಾರ್? ಅದು ನಮ್ಮೂರಿನದ್ದೇ ಅಲ್ವಾ? ನಮ್ಮ ಅಜ್ಜ ಒಬ್ಬರ ಜಾಗದಲ್ಲಿ ಒಕ್ಕಲಿದ್ದದ್ದು. ಈಗ ನಾವೆಲ್ಲ ಈ ಬಿಲ್ಡಿಂಗಿನ ಒಕ್ಕಲು."

"ಒಕ್ಕಲಲ್ಲ ಮಾರಾಯ್ರೆ! ಖ! ಗಂಟಲಿನಿಂದ ಖ! ಓಖ್ಲೋಸ್!"

"ಓಖ್ಲೋಸ್, ಖಲಾಸ್! ಆಯ್ತು ಸಾರ್, ಮೊಸರು ಕೊಡ್ಲಾ?"

ಸೋಲೊಪ್ಪುವ ಆಸಾಮಿಯೇ ಭಾವ? ಒಂದು ಶುಕ್ರವಾರ ತಾರಸಿಯಲ್ಲಿ ಸಭೆ ಕರೆದರು. ಲಿಫ್ಟಿಗೆ ಸಾಲು ಬೇಕೆನ್ನುವವರು ಕೈ ಎತ್ತಿ! ಎದ್ದದ್ದು ಒಂದೇ ಕೈ, ಭಾವನದು. ನಾನೇಕೆ ಎತ್ತಲಿಲ್ಲ ಅಂತೀರಾ? ನನ್ನ ಕೈಯಲ್ಲಿ ಚಹಾ ಇತ್ತು.

"ನೋಡಿ, ಇದು ಡೆಮೊಕ್ರಸಿ," ಎಂದರು ಮೂರನೇ ಮಾಳಿಗೆಯ ರೀಟಾಬಾಯಿ. ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್ ಅವರು, ಯಾರಿಗೂ ಹೆದರುವವರಲ್ಲ.

"ಅಲ್ಲ, ಓಖ್ಲೋಕ್ರಸಿ!"

"ಎರಡಕ್ಕೂ ವ್ಯತ್ಯಾಸ ಎಂತ?"

ಭಾವ ಎತ್ತಿದ್ದ ಕೈ ಇಳಿಸಿದರು. "ನಾನು ಗೆದ್ದಿದ್ರೆ ಅದು. ನೀವು ಗೆದ್ದದ್ದಕ್ಕೆ ಇದು."

ಈ ಬೇಸಿಗೆಯಲ್ಲಿ ಕಟ್ಟಡವನ್ನೇ ಕೆಡವುತ್ತಾರೆಂಬ ಸುದ್ದಿ ಬಂತು. ಕಟ್ಟಡ ನೋಡಿಕೊಳ್ಳುವ ಹಾರಿಸ್ ಮನೆಮನೆಯ ಬಾಗಿಲು ತಟ್ಟಿ, ಖಾಲಿ ಮಾಡಿ, ಖಲಾಸ್ ಎಂದು ಹೇಳಿಹೋದ.

"ಒಕ್ಕಲೆಬ್ಬಿಸುವುದು ಅಂದ್ರೆ ಇದೇ ಅಲ್ವಾ ಸಾರ್?" ಎಂದರು ಹಮೀದಾಕ. ಈ ಸಲ ಭಾವ ಅವರ ಉಚ್ಚಾರ ತಿದ್ದಲಿಲ್ಲ.

ಆಮೇಲೆ ಭಾವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಡ್ಯೂಟಿ ಮುಗಿಸಿ ಬಂದವರೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಯಾರ ಫ್ರಿಜ್ಜು ಮೊದಲು, ಯಾರ ಮಂಚ ಆಮೇಲೆ ಎಂದು ಅವರದೇ ಲೆಕ್ಕಾಚಾರ. ವಿಚಿತ್ರವೆಂದರೆ, ಆಗ ಎಲ್ಲರೂ ಭಾವ ಹೇಳಿದಂತೆ ಲಿಫ್ಟಿನ ಮುಂದೆ ಸಾಲಾಗಿ ನಿಂತರು! ತಳ್ಳಾಟವಿಲ್ಲ, ಗಲಾಟೆಯಿಲ್ಲ. ಭಾವನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ರೀಟಾಬಾಯಿ ತಂಗಿಯ ಮನೆಗೆ ಹೋದರು. ಹಮೀದಾಕ ಜಹ್ರಾದಲ್ಲಿ ಅಳಿಯನ ಅಂಗಡಿ ಸೇರಿಕೊಂಡರು. ಕೊನೆಗೆ ಉಳಿದದ್ದು ಭಾವನದು, ನನ್ನದು, ಎರಡೇ ಮನೆ.

ನಾವೂ ಹೊರಡುವ ಹಿಂದಿನ ದಿನ ಸಂಜೆ ಭಾವ, ನಾನು ಜೊತೆಗೇ ಒಳಗೆ ಬಂದೆವು. ಗುಂಡಿ ಒತ್ತಿದ್ದೇ ತಡ, ಲಿಫ್ಟು ಬಾಗಿಲು ತೆರೆಯಿತು. ಖಾಲಿ! ಅವರ ಜೀವಮಾನದ ಆಸೆ ಎದುರಿಗೇ ನಿಂತಿತ್ತು. ಒಳಗೆ ಹೋದ ಭಾವ, ಒಂದರಿಂದ ಆರರವರೆಗೆ ಎಲ್ಲ ಗುಂಡಿಗಳನ್ನೂ ಒತ್ತಿದರು.

"ಎಂತ ಭಾವ ಇದು?"

ಒಂದನೇ ಮಾಳಿಗೆಯಲ್ಲಿ ಬಾಗಿಲು ತೆರೆದು ಮುಚ್ಚಿತು. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ, ರೀಟಾಬಾಯಿಯ ಬಾಗಿಲು ಹಾಗೇ ಹಾರುಹೊಡೆದಿತ್ತು, ಒಳಗೆ ಬರೀ ಗೋಡೆ. ಭಾವ ತಮ್ಮ ಬಲಗಾಲನ್ನು ಲಿಫ್ಟಿನ ಬಾಗಿಲಿಗೆ ಅಡ್ಡ ಇಟ್ಟರು. ಆ ಕಾಲು ಕುಣಿಯುತ್ತಿರಲಿಲ್ಲ.

"ಸ್ವಲ್ಪ ಒಳಗೆ ಸರಿ ಮಾರಾಯ," ಎಂದರು ನನಗೆ, ಹೊರಗೇ ನೋಡುತ್ತ. "ಹತ್ತುವವರಿಗೆ ಜಾಗ ಬೇಡ್ವಾ?"

ನಾನು ಮೂಲೆಗೆ ಒತ್ತಿ ನಿಂತೆ.